ಸೆರಗಿಗೆ ಕಟ್ಟಿದ ಕೀಲಿ

ಮುಮತಾಜ್, ಸಾಫ್ಟ್‌ವೇರ್ ಕಂಪನಿಯವರು ನಮ್ಮಿಬ್ಬರಿಗೂ ಮೋಸ ಮಾಡಿದರೆಂದು ನೀನು ಇವತ್ತಿಗೂ ನಂಬಿದ್ದೀಯ. ಅದು ಸುಳ್ಳು. ಅವರು ಮೊದಲೇ ತಿಳಿಸಿದ್ದರು — ನನಗೆ. ಆ ಕಾಗದವನ್ನು ಮುಚ್ಚಿಟ್ಟವಳು ನಾನು. ನಿನ್ನ ಅಮ್ಮಿಯ ಕಸೂತಿ ಬಳ್ಳಿಗಳೆಲ್ಲ ಅಳಿದುಹೋದದ್ದು ನನ್ನಿಂದ.

ಜೋರಾಪುರ ಪೇಟೆಯ ನನ್ನ ಕಸೂತಿ ಅಂಗಡಿಗೆ ನೀನು ಕೆಲಸಕ್ಕೆ ಬಂದಾಗ ಕೈಯಲ್ಲೊಂದು ತಗಡಿನ ಟ್ರಂಕು ಇತ್ತು. ಅದರ ತುಂಬ ಅಮ್ಮಿಯ ಖಾಕಾಗಳು — ಬಟರ್ ಪೇಪರನ್ನು ಸೂಜಿಯಿಂದ ಚುಚ್ಚಿ ಚುಚ್ಚಿ ಮಾಡಿದ ನಕ್ಷೆಗಳು. ಬಟ್ಟೆಯ ಮೇಲೆ ಹಾಸಿ, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿ ಪುಡಿ ಉಜ್ಜಿದರೆ ಸಾಕು, ಬಳ್ಳಿ ಬಟ್ಟೆಗಿಳಿಯುತ್ತಿತ್ತು. ತಿಕೋಟಾದ ತೋಟಗಳಲ್ಲಿ ಕೂಲಿಗೆ ಹೋದಾಗ ಕಂಡ ದ್ರಾಕ್ಷಿ ಗೊಂಚಲು, ಹಳೇ ಗುಮ್ಮಟಗಳ ಗೋಡೆಯ ಎಲೆ... ಸಾಲಿಯ ಮೆಟ್ಟಿಲು ಹತ್ತದ ಹೆಂಗಸು, ಆದರೆ ಆ ಕೈ! ತೀರಿಹೋಗುವಾಗ ನಿನಗೆ ಬಿಟ್ಟುಹೋದದ್ದು ಆ ಟ್ರಂಕೊಂದನ್ನೇ.

ಆಮೇಲೆ ನಾನು ಕಸೂತಿ ಯಂತ್ರ ತಂದೆ, ಜೊತೆಗೆ ನಕ್ಷೆ ಬಿಡಿಸುವ ಸಾಫ್ಟ್‌ವೇರ್. ಬೆರಳುದ್ದದ ಒಂದು ಕೀಲಿಯನ್ನು ಕಂಪ್ಯೂಟರಿಗೆ ಚುಚ್ಚಿದರೆ ಮಾತ್ರ ಅದು ತೆರೆಯುತ್ತಿತ್ತು. ಅದರಲ್ಲಿ ಬಿಡಿಸಿದ ನಕ್ಷೆ, ರೂಪ ಬದಲಿಸದ ಹೊರತು, ಬೇರೆಲ್ಲೂ ತೆರೆಯುತ್ತಿರಲಿಲ್ಲ. ವರ್ಷವಿಡೀ ಕೂತು ಖಾಕಾಗಳನ್ನೆಲ್ಲ ಅದರೊಳಗೆ ಇಳಿಸಿದವಳು ನೀನು. ಕೀಲಿ ಮಾತ್ರ ನನ್ನ ಸೆರಗಿನ ಗಂಟಿನಲ್ಲಿ.

ಕೆಲಸ ಮುಗಿದ ದಿನ ನಾನೇ ಅಂದೆ, "ಆ ಹಾಳಿ ಇಟ್ಕೊಂಡು ಏನ್ ಮಾಡ್ತಿ ಬೇ? ಎಣ್ಣಿ ವಾಸನಿ ಮೂಗಿಗೆ ಹೊಡ್ಯಾಕತ್ತೈತಿ. ಎಲ್ಲಾ ಮಷೀನ್‌ನ್ಯಾಗ ಬಂದಾವಲ್ಲ." ನೀನು ಮೇಲಿನ ಹಾಳೆಯನ್ನೊಮ್ಮೆ ಸವರಿ, ಎಲ್ಲವನ್ನೂ ಕೊಟ್ಟುಬಿಟ್ಟೆ. ಒಂದು ವಾರ ನಮ್ಮ ಬಚ್ಚಲ ಹಂಡೆಯ ನೀರು ಅವುಗಳ ಉರಿಯಲ್ಲೇ ಕಾಯಿತು.

ಬಬಲೇಶ್ವರದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನಿನ್ನ ನಾದಿನಿ ಷಾಹೀನ್ ಅಂಗಡಿಗೆ ಬಂದವಳು ಎಚ್ಚರಿಸಿದ್ದಳು. "ಅಕ್ಕಾರ, ಯಾರ್ ಬೇಕಾದವ್ರು ಬಳಸೂವಂಥ ಮುಕ್ತ ಸಾಫ್ಟ್‌ವೇರ್ ಅದಾವ್ರಿ. ಒಂದು ನಕಲು ಅದರಾಗೂ ಇಡ್ರಿ. ನಾಳೆ ಈ ಕಂಪನಿ ಇದನ್ನ ಬಂದ್ ಮಾಡಿದ್ರ ಏನ್ ಮಾಡ್ತೀರಿ?"

ನಾನು ನಕ್ಕುಬಿಟ್ಟೆ. "ಪುಕ್ಕಟೆ ಬಂದದ್ದಕ್ಕ ಯಾರ್ ಜವಾಬ್ದಾರಿ? ನಂದು ರೊಕ್ಕ ಕೊಟ್ಟು ತಂದ ಮಾಲು!" ಎಂಥ ಠೇಂಕಾರವಿತ್ತು ನನಗೆ.

ಕಂಪನಿಯ ಕಾಗದ ಕೊರಿಯರ್‌ನಲ್ಲಿ ಬಂತು. ಅದರಲ್ಲಿ ಬರೆದಿತ್ತು: ಈ ಸಾಫ್ಟ್‌ವೇರನ್ನು ನಿಲ್ಲಿಸುತ್ತಿದ್ದೇವೆ. ತಿಂಗಳ ಕೊನೆಯ ನಂತರ ಕೀಲಿ ಕೆಲಸ ಮಾಡುವುದಿಲ್ಲ. ಅಷ್ಟರೊಳಗೆ ನಿಮ್ಮ ನಕ್ಷೆಗಳನ್ನು ಬೇರೆಡೆ ತೆರೆಯುವ ರೂಪದಲ್ಲಿ ಉಳಿಸಿಕೊಳ್ಳಿ. ನೀನು ಎದುರಿಗೇ ಕೂತು ಚೌಕಟ್ಟಿಗೆ ಬಟ್ಟೆ ಬಿಗಿಯುತ್ತಿದ್ದೆ. "ಏನ್ ಬಂತ್ರಿ ಅಕ್ಕಾ?" ಅಂದೆ. "ಏನಿಲ್ಲ ಬಿಡು, ಜಾಹೀರಾತು" ಅಂದೆ ನಾನು.

ಯಾಕೆ? ಅದಕ್ಕೆ ಎರಡು ದಿನ ಮೊದಲು ನೀನು ನಾಚಿಕೊಂಡು ಹೇಳಿದ್ದೆಯಲ್ಲ — "ಇಟ್ಟಂಗಿಹಾಳದಾಗ ನಮ್ಮನಿ ಮುಂದಿನ ಖೋಲಿ ಖಾಲಿ ಐತ್ರಿ. ನಂದೂ ಒಂದು ಮಷೀನ್ ಹಾಕ್ಬೇಕಂತ ಮಾಡೇನಿ." ನನಗೆ ಅದನ್ನು ಸಹಿಸಲಾಗಲಿಲ್ಲ. ನಕ್ಷೆಗಳು ಎಲ್ಲೆಂದರಲ್ಲಿ ತೆರೆಯುವಂತಾದರೆ ನೀನು ಅವನ್ನು ತೆಗೆದುಕೊಂಡು ಹೋಗುತ್ತೀ. ಆ ಕೀಲಿ ನಿನ್ನನ್ನೂ ಕಟ್ಟಿಹಾಕಿದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಸದ್ದಿಲ್ಲದೆ ನಾನೊಬ್ಬಳೇ ಉಳಿಸಿಕೊಳ್ಳಬೇಕೆಂದುಕೊಂಡೆ. ಆದರೆ ನನಗೆಲ್ಲಿ ಬರುತ್ತಿತ್ತು ಅದು? ಕಂಪ್ಯೂಟರಿನ ಮುಂದೆ ಕೂರುವವಳು ನೀನು. ಷಾಹೀನಳನ್ನು ಕೇಳೋಣವೆಂದರೆ — ಅವಳೆದುರು ಹಾಗೆ ಮಾತಾಡಿದ ಮೇಲೆ ಯಾವ ಮುಖ ಇಟ್ಟುಕೊಂಡು ಕೇಳಲಿ? ಕಂಪನಿಯವರು ಸುಮ್ಮನೆ ಹೆದರಿಸುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ತಿಂಗಳು ಕಳೆಯಿತು.

ಆ ಬೆಳಿಗ್ಗೆ ಸಾಫ್ಟ್‌ವೇರ್ ತೆರೆಯಲಿಲ್ಲ. ನೀನು ಕೀಲಿಯನ್ನು ಕಿತ್ತು, ಓಢಣಿಯಿಂದ ಒರೆಸಿ, ಮತ್ತೆ ಚುಚ್ಚಿದೆ — ಎಷ್ಟು ಸಲವೋ. ಷಾಹೀನ್ ಬಂದು ನೋಡಿದಳು, ಡೀಲರಿಗೆ ಫೋನು ಮಾಡಿದಳು, ಆಗಲಿಲ್ಲ. ಯಂತ್ರ ಒಮ್ಮೆಗೆ ಒಂದೇ ನಕ್ಷೆ ಹಿಡಿಯುತ್ತಿತ್ತು; ಅದರಲ್ಲಿ ಉಳಿದಿದ್ದದ್ದು ಹಿಂದಿನ ದಿನ ಹೊಲಿದ ಒಂದು ಅಂಚು ಮಾತ್ರ. ನೀನು ಅತ್ತೆ, ನಾನೂ ಅತ್ತೆ. ನನ್ನ ಕಣ್ಣೊರೆಸಿ ನೀನೇ ಸಮಾಧಾನ ಮಾಡಿದೆ, "ನಿಮ್ದೇನ್ ತಪ್ಪೈತ್ರಿ ಅಕ್ಕಾ? ಕಂಪನಿಯವ್ರು ಕೈ ಕೊಟ್ಟಾರ."

ಆ ಸಂಜೆ ನಾನು ಕಂಪನಿಯ ಕಾಗದವನ್ನು ಸೀರೆಗಳ ಅಡಿಗೆ ತುರುಕಿದೆ. ನಿನ್ನ ಮಷೀನ್ ಬರಬೇಕಿದ್ದ ಇಟ್ಟಂಗಿಹಾಳದ ಆ ಖೋಲಿಯಲ್ಲಿ ಈಗ ಉಳ್ಳಾಗಡ್ಡಿ ಚೀಲಗಳಿವೆ.

ಈಗ ನೀನು ಮನೆ ಮನೆಗೆ ಹೋಗುತ್ತಿದ್ದೀಯ. ಹಿಂದೆ ನಮ್ಮಲ್ಲಿ ಕುಬಸ ಹೊಲಿಸಿದವರನ್ನು ತಿಕೋಟಾ, ಕಾಖಂಡಕಿಯಲ್ಲೆಲ್ಲ ಹುಡುಕಿ, ಅವರ ಹಳೇ ರವಿಕೆಗಳ ತೋಳಿನ ಮೇಲೆ ಬಟರ್ ಪೇಪರ್ ಹಾಸಿ, ಅಮ್ಮಿಯ ಬಳ್ಳಿಯನ್ನು ಸೂಜಿಯಿಂದ ಮತ್ತೆ ಚುಚ್ಚುತ್ತಿದ್ದೀಯ. ಮೊನ್ನೆ ಶುಕ್ರವಾರ ನಮ್ಮ ಮನೆಗೂ ಬಂದೆ, ನನ್ನ ಮಗಳ ಮದುವೆಯ ಕುಬಸಕ್ಕಾಗಿ. ಕಾಗದ ಸರಿಯದಂತೆ ನಾನು ಅಂಚು ಹಿಡಿದು ಕೂತೆ. ಗೊಂಚಲಿನ ಅರ್ಧ ದಾರ ಸವೆದುಹೋಗಿತ್ತು. "ಇಲ್ಲಿ ಎಲಿ ಹೆಂಗಿತ್ರಿ ಅಕ್ಕಾ, ನೆನಪೈತೇನ್ರಿ?" ಅಂತ ಕೇಳಿದೆ. ನನಗೆ ನೆನಪಿರಲಿಲ್ಲ. ನೀನು ಆ ಜಾಗವನ್ನು ಖಾಲಿಯೇ ಬಿಟ್ಟೆ.

ಇದನ್ನು ನಾಳೆ ಬೆಳಿಗ್ಗೆ ನಾನೇ ತಂದು ಕೊಡುತ್ತೇನೆ. ನೀನು ಓದುವಾಗ ಎದುರಿಗೇ ಕೂತಿರುತ್ತೇನೆ. ಏನಾದರೂ ಅನ್ನು, ಎದ್ದು ಹೋಗುವುದಿಲ್ಲ. ಕಂಪನಿಯ ಆ ಕಾಗದವೂ ಜೊತೆಗಿದೆ. ಕವರಿನ ಮೇಲೆ ಅದು ನನ್ನ ಕೈ ಸೇರಿದ ತಾರೀಖಿದೆ. ಎಣಿಸಿ ನೋಡು ಮುಮತಾಜ್ — ಇನ್ನೂ ಇಪ್ಪತ್ತಾರು ದಿನ ಇದ್ದವು.