ಕಡ್ಡಿ ಮುರಿಯಲು ಹೋದ ದಿನ

ನನ್ನ ಗಂಡನ ಬಲಗೈ ಮೇವು ಕತ್ತರಿಸುವ ಮಿಷನ್ನಿಗೆ ಸಿಕ್ಕಿ ಮೊಣಕೈಯವರೆಗೂ ಹೋದಾಗ ನಮ್ಮ ಮದುವೆಯಾಗಿ ನಾಲ್ಕು ವರ್ಷವೂ ತುಂಬಿರಲಿಲ್ಲ. ಮಿಷನ್ನು ನಮ್ಮದೇ, ಸ್ವಿಚ್ಚು ಹಾಕಿದವನೂ ಅವನೇ. ಬೈಯೋಣವೆಂದರೆ ಬೇರೆ ಯಾರೂ ಸಿಗಲಿಲ್ಲ. ಹಾಗಾಗಿ ನಾನು ಆ ಮಿಷನ್ನನ್ನೇ ಹಾಳಾದ್ದು, ಮನೆಹಾಳು ಎಂದು ದಿನಾ ಬೈಯುತ್ತಿದ್ದೆ. ಬೈದರೆ ನನಗೆ ಸ್ವಲ್ಪ ಹಗುರಾಗುತ್ತದೆ, ಅದು ನನ್ನ ಹುಟ್ಟುಗುಣ.

ನಮ್ಮ ಕಡೆ ಗಂಡನನ್ನು ಮಾವ ಎಂದು ಕರೆಯುತ್ತೇವೆ. ಸೇಲಂ ಆಸ್ಪತ್ರೆಯಲ್ಲಿ ಮಾವ ಕಣ್ಣುಬಿಟ್ಟಾಗ ನಾನು ಅಳುತ್ತಾ ನಿಂತಿದ್ದೆ. ನರ್ಸಮ್ಮ ತಮಿಳಿನಲ್ಲಿ ಗದರಿದಳು, "ಕೈ ದಾನೇ ಪೋಚ್ಚು, ಆಳು ಇರುಕ್ಕಾರು ಇಲ್ಲ?" ಹೌದಲ್ಲ, ಹೋದದ್ದು ಕೈ ತಾನೇ, ಆಳು ಇದ್ದಾನಲ್ಲ. ನಾನು ಮೂಗು ಒರೆಸಿಕೊಂಡು ಕಾಫಿ ತರಲು ಹೋದೆ.

ಆಳೇನೋ ಪಾಲಮಲೆ ಬೆಟ್ಟದ ಬುಡದ ನಮ್ಮ ಮನೆಗೆ ವಾಪಸು ಬಂದ. ಆದರೆ ಅವನ ಬಾಯಿ ಕಟ್ಟಿಹೋಗಿತ್ತು. ಮಾತೇನೋ ಆಡುತ್ತಿದ್ದ, ಆದರೆ ತನಗೆ ಬೇಕಾದ್ದನ್ನು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ನೀರಿನ ಬಾಟಲಿಯ ಮುಚ್ಚಳ ತೆಗೆಯಲಾಗದಿದ್ದರೆ ಬಾಯಾರಿಕೊಂಡೇ ಕೂತಿರುತ್ತಿದ್ದನೇ ಹೊರತು, ಒಳಗಿದ್ದ ನನ್ನನ್ನು ಕೂಗುತ್ತಿರಲಿಲ್ಲ. ಕೇಳುವ ಮೊದಲೇ ನಾನೇ ಓಡಿಹೋಗಿ ತೆಗೆದುಕೊಟ್ಟರೆ ಮುಖ ಗೋಡೆಗೆ ತಿರುಗುತ್ತಿತ್ತು. ನಾನು ಅವನ ಅಂಗಿಯ ಗುಂಡಿ ಹಾಕುವಾಗ ಮೇಲೆ ಸೂರು ನೋಡುತ್ತಿದ್ದ.

"ಕೂಸಿಗೆ ಮಾಡ್ದಂಗೆ ಮಾಡ್ಬೇಡ ಲೇ," ಅಂದ ಒಂದು ದಿನ.

"ಕೂಸಾದ್ರೆ ಬೇಕಾದ್ದಕ್ಕೆ ಬಾಯ್ಬಿಟ್ಟು ಅಳ್ತೈತೆ. ನಿನಗೆ ಅದೂ ಬರಲ್ಲ," ಅಂದೆ ನಾನು.

ಉಣ್ಣೆ ಕತ್ತರಿಸುವ ಕಾಲ ಬಂತು. ನಮ್ಮಲ್ಲಿ ಕುರಿಯ ಉಣ್ಣೆಗೆ ಹೆಂಗಸರು ಕತ್ತರಿ ಇಡುವುದಿಲ್ಲ, ಅದು ಗಂಡಸರ ಕೆಲಸ. ಮಾವ ಎಡಗೈಯಲ್ಲಿ ಕತ್ತರಿ ಹಿಡಿದು ನೋಡಿದ. ಆ ಕತ್ತರಿ ಬಲಗೈಗೆಂದೇ ಮಾಡಿದ್ದು. ಎಡಗೈಯಲ್ಲಿ ಉಣ್ಣೆ ಅಲಗಿನ ನಡುವೆ ಮಡಚಿಕೊಳ್ಳುತ್ತಿತ್ತು, ಕತ್ತರಿಸುತ್ತಿರಲಿಲ್ಲ. ನಮ್ಮತ್ತೆ ಜಗಲಿಯ ಮೇಲಿಂದಲೇ, "ಕೊಡ್ಲಾ ಅವಳ ಕೈಗೆ. ಕುರಿಗೇನು ಗಂಡ್ಸು ಎಂಗ್ಸು ಗೊತ್ತಾಯ್ತದಾ?" ಅಂದರು.

ಮಾವ ಕುರಿಯನ್ನು ಮಂಡಿಯ ನಡುವೆ ಒತ್ತಿ, ಎಡಗೈಯಲ್ಲಿ ಕತ್ತು ಹಿಡಿದ. ನಾನು ಕತ್ತರಿಸಿದೆ. ಮೊದಲ ಕುರಿ ಎದ್ದು ನಿಂತಾಗ ಇಲಿ ಕಡಿದ ಕಂಬಳಿಯಂತೆ ಕಾಣುತ್ತಿತ್ತು. ಅದರ ಮರಿಯೇ ಅದರ ಹತ್ತಿರ ಹೋಗಲು ಹಿಂದುಮುಂದು ನೋಡಿತು. ಮಾವ ನಕ್ಕ. ಆಸ್ಪತ್ರೆಯಿಂದ ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಇನ್ನು ಪರವಾಗಿಲ್ಲ, ದಾರಿಗೆ ಬಂದ ಅಂದುಕೊಂಡೆ.

ಎಲ್ಲಿ ಬಂದ! ಕುರಿ ಮೇಯಿಸುವ ಜಾಗದಲ್ಲಿ ಯಾರೋ ಪುಣ್ಯಾತ್ಮ, "ಎಂಡ್ತಿ ಕೈಗೆ ಕತ್ರಿ ಕೊಟ್ಟು ಕುರಿ ಕಾಲಿಡ್ಕೊಂಡು ಕುಂತವ್ನೆ," ಎಂದು ಆಡಿಕೊಂಡನಂತೆ. ಮಾವ ನನಗೆ ಒಂದು ಮಾತೂ ಹೇಳದೆ ಊರಗೌಡರ ಹತ್ತಿರ ಹೋಗಿ ಕಡ್ಡಿ ಮುರಿಯಲು ದಿನ ಕೇಳಿ ಬಂದ.

ಕಡ್ಡಿ ಮುರಿಯುವುದೆಂದರೆ ಸಂಸಾರ ಮುರಿಯುವುದು. ನಾಲ್ಕು ಜನರ ಎದುರು ಗಂಡ ಒಂದು ಕಡ್ಡಿಯನ್ನು ಮುರಿದು ಹೆಂಡತಿಯ ಕೈಗೆ ಕೊಟ್ಟರೆ ಮುಗಿಯಿತು, ಅವಳು ಬೇರೆಯವನನ್ನು ಕಟ್ಟಿಕೊಳ್ಳಬಹುದು. ಈಗಿನವರು ಕೋರ್ಟಿಗೆ ಹೋಗುತ್ತಾರೆ. ಆದರೆ ನಮ್ಮೂರಿನಲ್ಲಿ ಗೌಡರ ಮುಂದೆ ಕಡ್ಡಿ ಮುರಿಯದೆ ಯಾರೂ ಅದನ್ನು ನಿಜವೆಂದು ಒಪ್ಪುವುದಿಲ್ಲ.

"ನಾನೇನು ತಪ್ಪು ಮಾಡ್ದೆ, ಯೋಳು," ಎಂದು ಜಗಳಕ್ಕೆ ನಿಂತೆ.

"ನಿಂದೇನೂ ತಪ್ಪಿಲ್ಲ. ವಯಸ್ಸೈತೆ, ಮಕ್ಳಿಲ್ಲ. ಎರಡು ಕೈ ಇರೋನ್ನ ಕಟ್ಕೊಂಡು ಸುಖವಾಗಿರು."

ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ, "ಅವನೇ ಬೇಡ ಅಂದ್ರೆ ಬಂದ್ಬುಡವ್ವ," ಅಂದ. ಅಷ್ಟು ಹೊತ್ತೂ ಇದ್ದ ಸಿಟ್ಟು ಇಳಿದುಹೋಗಿ ನನಗೆ ಭಯವಾಯಿತು. ಮಾವನ ಜಾಗದಲ್ಲಿ ಬೇರೆಯವನೊಬ್ಬನನ್ನು ನೆನೆಯಲೂ ನನ್ನಿಂದ ಆಗಲಿಲ್ಲ. ನನಗೆ ಇವನೇ ಬೇಕಿತ್ತು. ಈ ಮೊಂಡನೇ, ಈ ಹಟಮಾರಿಯೇ ಬೇಕಿತ್ತು.

ಗೌಡರು ಹೇಳಿದ ಬೆಳಿಗ್ಗೆ ಗುಡಿಯ ಮುಂದಿನ ಬೇವಿನ ಮರದ ಕಟ್ಟೆಗೆ ಹೋದೆವು. ಅತ್ತೆ ದಾರಿಯುದ್ದಕ್ಕೂ ಮಗನನ್ನು ಬೈಯುತ್ತಾ ಬಂದರು. ಐದಾರು ಜನ ಹಿರಿಯರು ಸೇರಿದ್ದರು. ಗೌಡರು ಪಕ್ಕದ ಹೊಲಕ್ಕೆ ಹೋಗಿ, ಆಗಷ್ಟೇ ಕೊಯ್ದಿದ್ದ ಜೋಳದ ಒಂದು ದಂಟನ್ನು ಗೇಣುದ್ದ ಕತ್ತರಿಸಿ ತಂದರು. ಅದು ಇನ್ನೂ ಪೂರ್ತಿ ಒಣಗಿರಲಿಲ್ಲ. ದೇವರಿಗೆ ಕೈ ಮುಗಿದು ಅದನ್ನು ಮಾವನಿಗೆ ಕೊಟ್ಟು, "ಊ, ಮುರಿಯಪ್ಪ," ಅಂದರು.

ಮಾವ ದಂಟನ್ನು ಹಿಡಿದು ನಿಂತ. ಇನ್ನೊಂದು ತುದಿ ಹಿಡಿಯಲು ಕೈ ಎಲ್ಲಿದೆ? ದಿನ ಗೊತ್ತು ಮಾಡಿದ ಗೌಡರಿಗೂ, ದಿನ ಕೇಳಿದ ಇವನಿಗೂ, ಬಂದು ಕೂತಿದ್ದ ಅಷ್ಟು ಜನರಿಗೂ ಅದು ಹೊಳೆದೇ ಇರಲಿಲ್ಲ. ಮಾವ ಹೆಬ್ಬೆರಳಿನಿಂದ ಒತ್ತಿದ. ಹಸಿ ದಂಟು, ಬಗ್ಗಿತೇ ಹೊರತು ಮುರಿಯಲಿಲ್ಲ. ಒಂದು ತುದಿಯನ್ನು ಹಲ್ಲಿಗೆ ಕಚ್ಚಿದ.

"ಏಯ್, ಬಾಯಿಗಾಕ್ಬೇಡ. ಎಂಜ್ಲು ಕಡ್ಡಿ ನಡಿಯಲ್ಲ," ಅಂದರು ಗೌಡರು.

ಕಾಲಿನ ಕೆಳಗೆ ಇಡಲು ಬಗ್ಗಿದ. "ತುಳೀಬಾರ್ದಪ್ಪ, ದೇವ್ರ ಮುಂದೆ ಕೊಟ್ಟಿದ್ದು," ಎಂದ ಇನ್ನೊಬ್ಬ ಹಿರಿಯ.

ಗೌಡರು ತಲೆ ಕೆರೆದುಕೊಂಡು ನನ್ನ ಕಡೆ ತಿರುಗಿದರು. "ತಾಯಿ, ಆ ತುದೀನ ನೀನಿಡ್ಕೊ. ಅವನು ಮುರೀಲಿ, ಕೆಲ್ಸ ಮುಗೀಲಿ."

ನಾನು ಎರಡೂ ಕೈಗಳನ್ನು ಕಂಕುಳಿಗೆ ಸೇರಿಸಿಕೊಂಡು ನೆಲದ ಮೇಲೆ ಕೂತುಬಿಟ್ಟೆ.

"ನಾನ್ಯಾಕಿಡೀಲಿ ಗೌಡ್ರೆ? ಗುಂಡಿ ಆಕಕ್ಕೆ ಕೈ ಕೊಟ್ಟೆ, ಉಣ್ಣೆ ಕತ್ರಿಸಕ್ಕೆ ಕೈ ಕೊಟ್ಟೆ. ನಾಳೇನೂ ಕೊಡ್ತೀನಿ. ಇದಕ್ಕೆ ಮಾತ್ರ ಕೊಡಲ್ಲ. ಬೇಕಾದ್ರೆ ಅವನೊಬ್ನೇ ಮುರ್ಕೊಳ್ಲಿ."

ಮೊದಲು ನಕ್ಕವರು ಅತ್ತೆ. "ಬೇರೆಯೋರು ಯಾರಾನಾ ಆ ತುದಿ ಮುಟ್ಟಿ, ನೋಡ್ಕೊತೀನಿ," ಎಂದು ಸುತ್ತ ಒಮ್ಮೆ ಕಣ್ಣಾಡಿಸಿದರು. ಯಾರೂ ಏಳಲಿಲ್ಲ. ಮಾವ ಮತ್ತೆ ಬೆರಳು ಬಿಳಿಚುವಂತೆ ದಂಟನ್ನು ಹಿಂಡಿದ. ಕಡೆಗೆ ಕೈ ಸೋತು ಬಿಟ್ಟುಬಿಟ್ಟ.

"ಆಗದ ಕೆಲ್ಸ ಬುಡಪ್ಪ," ಅಂದರು ಗೌಡರು ಟವೆಲ್ಲು ಕೊಡವಿ ಏಳುತ್ತಾ. "ಓಗಿ, ಕುರಿ ಬುಡೋ ಒತ್ತಾಯ್ತು."

ಅತ್ತೆ ಕುರಿ ಬಿಡಲೆಂದು ಮುಂದೆ ಬಿರಬಿರನೆ ಹೋದರು. ನಾನೂ ಮನೆಯ ದಾರಿ ಹಿಡಿದೆ. ಗೆದ್ದೆನೋ, ಅವನಿಗೆ ಊರ ಮುಂದೆ ಇನ್ನೊಂದು ಅವಮಾನ ಮಾಡಿದೆನೋ ತಿಳಿಯಲಿಲ್ಲ. ಹಿಂದೆ ಅವನ ಚಪ್ಪಲಿಯ ಸದ್ದು ಬರುತ್ತಿತ್ತು. ನಮ್ಮ ಹೊಲದ ಬದುವಿನ ಹತ್ತಿರ ಆ ಸದ್ದು ನಿಂತಿತು.

"ಲೇ, ಇಲ್ನೋಡು."

ತಿರುಗಿದೆ. ಇದ್ದ ಒಂದು ಕೈಯನ್ನು ನನ್ನ ಮುಂದೆ ಚಾಚಿ ನಿಂತಿದ್ದ. ಹೆಬ್ಬೆರಳಿನ ಬುಡದಲ್ಲಿ ದಂಟಿನ ಸಿಬಿರು ಆಳವಾಗಿ ಚುಚ್ಚಿಕೊಂಡು ರಕ್ತ ಜಿನುಗುತ್ತಿತ್ತು.

"ನೋಯ್ತೈತೆ," ಅಂದ. "ನನ್ ಕೈಲಿ ಆಗಲ್ಲ. ತೆಗಿ."

ಅಬ್ಬಾ, ನನ್ನಪ್ಪನೇ! ಅಷ್ಟು ತಿಂಗಳಲ್ಲಿ ಅವನು ನನ್ನನ್ನು ಕೇಳಿದ್ದು ಅದೇ ಮೊದಲು. ಕಣ್ಣು ಮಂಜಾಗಿ ಸಿಬಿರೇ ಕಾಣಲಿಲ್ಲ. ತಾಳಿಯ ದಾರಕ್ಕೆ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ನನ್ನು ಬಿಚ್ಚಿ, ಅವನ ಕೈಯನ್ನು ಬಿಸಿಲಿಗೆ ತಿರುಗಿಸಿ ಹಿಡಿದೆ.

"ಮೆಲ್ಲಗೆ," ಅಂದ.

"ಅಳ್ಳಾಡ್ಬೇಡ, ಸುಮ್ಕೆ ನಿಂತ್ಕೊ," ಅಂದೆ.

ನಿಂತುಕೊಂಡ.