ಹೊಸ್ತಿಲಿನ ಕಾಲಾಣೆ

ಹೊಳೆನರಸೀಪುರದ ಮೇಷ್ಟ್ರು ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದ್ದರು. ನಿವೃತ್ತರಾದ ಮೇಲೆ ಅವರಿಗೆ ಹಳೆ ನಾಣ್ಯದ ಹುಚ್ಚು ಹತ್ತಿತ್ತು. ಪತ್ರಿಕೆ ಕೆಲಸದ ನಡುವೆ ನನಗೂ ಅದೇ ಹುಚ್ಚು. ಮೂರನೇ ಸಲಕ್ಕೆ ವಿಷಯ ಹೊರಬಂತು. ಮನೆಯ ಹೊಸ್ತಿಲಿಗೆ ಅವರ ಅಪ್ಪ ಮೂರು ಮೊಳೆಯಿಂದ ಬಡಿದಿದ್ದ ತಾಮ್ರದ ಕಾಲಾಣೆಯನ್ನು ಉಳಿಯಿಂದ ಕಿತ್ತಿದ್ದರು. ರಾಜನ ತಲೆಯಿರಬೇಕಾದ ಅದರ ಒಂದು ಮುಖ ಬೋಳು. ಟಂಕಸಾಲೆಯಲ್ಲೇ ಅಚ್ಚು ತಪ್ಪಿದ ನಾಣ್ಯವೆಂದು ಯಾವುದೋ ವೀಡಿಯೋ ನೋಡಿ ನಂಬಿದ್ದರು. ಜೊತೆಯಲ್ಲಿರುವ ಅವರ ಅಕ್ಕ, ಕಿತ್ತದ್ದಕ್ಕೆ ಸಿಟ್ಟಾಗಿ, ನಾಲ್ಕು ದಿನದಿಂದ ಅವರೊಂದಿಗೆ ಮಾತು ಬಿಟ್ಟಿದ್ದರು.

"ನೀವು ಬಂದು ಅಪರೂಪದ್ದು ಅಂತ ಒಂದು ಮಾತು ಅಂದ್ಬಿಡಿ ಸಾರ್. ನಾನು ಕಿತ್ತಿದ್ದು ತಪ್ಪಲ್ಲ ಅಂತ ಒಪ್ತಾಳೆ."

ಹಾಸನದಿಂದ ಬಸ್ಸಿನಲ್ಲಿ ಹೊರಟೆ. ನೋಡದೆ ಬರೆಯಬಾರದೆಂಬ ಪಾಠ ಹಳೆಯದು. ಅವತ್ತು ಮಾತ್ರ, ನೋಡಿದ ಮೇಲೆ ಸುಳ್ಳು ಹೇಳಬೇಕಾದೀತೆಂದು, ನೋಡದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ಹೊಸ್ತಿಲಲ್ಲಿ ನಾಣ್ಯವಿದ್ದ ಕುಳಿಯ ಸುತ್ತ ಅಕ್ಕ ಅಂದೂ ಅರಿಶಿನ ಕುಂಕುಮ ಹಚ್ಚಿದ್ದರು. ದಾಟಿ ಒಳಗೆ ಹೋದೆ. ಅಚ್ಚು ಬೀಳದ ಮುಖವಾದರೆ ಅಂಚಿನ ಏಣು ಉಳಿದಿರಬೇಕು, ತೂಕ ಪೂರ್ತಿಯಿರಬೇಕು. ನಾನು ಒಯ್ದಿದ್ದ ಇನ್ನೊಂದು ಕಾಲಾಣೆಯ ಎದುರು ಮೇಷ್ಟ್ರು ಕೊಟ್ಟದ್ದನ್ನು ಪುಟ್ಟ ತಕ್ಕಡಿಯಲ್ಲಿಟ್ಟೆ. ಮೇಷ್ಟ್ರ ನಾಣ್ಯದ ತಟ್ಟೆ ಮೇಲೆದ್ದಿತು, ತೂಕ ಕಡಿಮೆ. ಕಿಟಕಿಯ ಓರೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿದೆ. ಅಂಚಿನ ಮೂರು ಕಡೆ, ಮೊಳೆಗಳ ತಲೆ ಕೂತಿದ್ದ ಜಾಗದಲ್ಲಿ, ಟಂಕಸಾಲೆಯ ಅಚ್ಚಿನ, ರಾಗಿಗಿಂತ ಸಣ್ಣ ಚುಕ್ಕಿಗಳ ಸಾಲು ಹಾಗೇ ಉಳಿದಿತ್ತು. ಅಚ್ಚು ಸರಿಯಾಗಿಯೇ ಬಿದ್ದಿತ್ತು. ಆಮೇಲೆ ಸವೆದಿತ್ತು.

ಹಾಗೆಂದೆ. ಮೇಷ್ಟ್ರು ಒಪ್ಪಲಿಲ್ಲ.

"ನಮ್ಮನೇಲಿ ಹೊಸ್ತಿಲು ಯಾರು ತುಳೀತಾರೆ ಸಾರ್? ಮಕ್ಕಳೂ ದಾಟ್ಕೊಂಡೇ ಓಡಾಡ್ತವೆ. ಸವೆಯೋದು ಹೆಂಗೆ?"

ಉತ್ತರ ಅಡುಗೆಮನೆಯ ಬಾಗಿಲಿಂದ ಬಂತು. ಅಕ್ಕ ಅಲ್ಲಿ ಎಷ್ಟು ಹೊತ್ತಿಂದ ನಿಂತಿದ್ದರೋ.

"ಕಾಲಲ್ಲ ಸಾ, ಕೈ," ಅಂದರು. ದಿನಾ ಬೂದಿ, ಶುಕ್ರವಾರ ಹುಣಸೆಹಣ್ಣು. ತೆಂಗಿನ ನಾರಿನಲ್ಲಿ ಫಳಫಳ ಅನ್ನುವ ತನಕ ಉಜ್ಜುವುದು. ಮೊದಲು ಅವರಮ್ಮ, ಆಮೇಲೆ ಅವರು. ಹತ್ತಿರ ಬಂದು ಕೇಳಿದರು: "ಅಂಗಾರೆ ರಾಜನ ಮೊಕ ಅಳ್ಸಿದ್ದು ನಾನೇ ಅನ್ನಿ?"

ನಮ್ಮ ಹವ್ಯಾಸದವರು ಇಂಥದ್ದಕ್ಕೆ ಹಾನಿ ಅನ್ನುತ್ತಾರೆ. ಆ ಪದ ನಾಲಗೆಯ ಮೇಲೆ ಬಂದು ನಿಂತಿತು.

"ಹೌದಮ್ಮ," ಅಂದೆ. "ನಿಮ್ಮಮ್ಮನೂ ಸೇರಿ."

ಅವರು ನಾಣ್ಯವನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನಲ್ಲಿ ಒರೆಸಿದರು. ಆಮೇಲೆ ನಾಲ್ಕು ದಿನದಲ್ಲಿ ಮೊದಲ ಸಲ ತಮ್ಮನ ಕಡೆ ತಿರುಗಿದರು.

"ಕೇಳಿಸ್ತೇನ್ಲಾ? ಓಗಿ ಮೊಳೆ ತತ್ತಾ. ತಲೆ ಅಗಲ ಇರೋದು."

ಅರವತ್ತು ದಾಟಿದ ಮೇಷ್ಟ್ರು ಚಪ್ಪಲಿ ಮೆಟ್ಟಿ ಹೊರಟರು. ಮುಖದಲ್ಲಿ ಸೋತ ಕಳೆಯಿರಲಿಲ್ಲ. ನಾನು ಕುಳಿಯನ್ನು ಇನ್ನೊಮ್ಮೆ ನೋಡಿದೆ. ಉಳಿ ತಾಕಿದ ಕಡೆ ಮರ ಉದ್ದಕ್ಕೆ ಸೀಳಿತ್ತು, ಸೀಳಿನೊಳಗೆ ಕುಂಕುಮ ತುಂಬಿತ್ತು. ಅಲ್ಲಿ ಯಾವ ಮೊಳೆಯೂ ನಿಲ್ಲುವಂತಿರಲಿಲ್ಲ. ಅಕ್ಕ ಕಾಫಿಗೆ ಇಡಲು ಒಳಗೆ ಹೋದರು. ಹೇಳಲೋ ಬೇಡವೋ ಎಂದು ನಾನು ಬಾಗಿಲಲ್ಲೇ ನಿಂತೆ.