ಚೆಂಡಿನ ವೇಗ, ಹುಲ್ಲಿನ ಗುರುತು

ದುರ್ಗಿಗುಡಿಯ ನಮ್ಮ ಫಿಸಿಯೋಥೆರಪಿ ಡಾಕ್ಟರಿಗೆ ಗಾಲ್ಫ್ ಹುಚ್ಚು ಇದೆಯೆಂದು ನನಗೆ ತಿಳಿದದ್ದು ಕಳೆದ ತಿಂಗಳು, ಅವರು ನನ್ನ ಬಲಭುಜಕ್ಕೆ ಮುಲಾಮು ತಿಕ್ಕುತ್ತಿದ್ದಾಗ. "ಚಿಕ್ಕವರಿದ್ದಾಗ ಏನಾದ್ರೂ ಎಸೀತಿದ್ರಾ?" ಎಂದರು. ಬೇಸ್‌ಬಾಲ್ ಎಂದೆ. ತಿಕ್ಕುವ ಕೈ ಅಲ್ಲೇ ನಿಂತಿತು. ಬೆರಳು ಒರೆಸಿಕೊಂಡು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದರು. ಪರದೆಯ ಒಂದು ಕಡೆ ಬೇಸ್‌ಬಾಲ್ ಎಸೆಯುವವನು, ಇನ್ನೊಂದು ಕಡೆ ಗಾಲ್ಫ್ ಕೋಲು ಬೀಸುವವನು. ಇಬ್ಬರೂ ನೀರಿನೊಳಗೆ ಇರುವವರ ಹಾಗೆ ನಿಧಾನ.

"ನೋಡಿ ಮೇಡಂ, ಇಬ್ರದೂ ಮೊದಲು ಸೊಂಟ ತಿರುಗುತ್ತೆ, ಕೈ ಬರೋದು ಕೊನೇಗೆ. ಪವರ್ ಇರೋದೇ ಅಲ್ಲಿ. ಇದನ್ನ ಹಿಡಿಯೋಕೆ ಎಷ್ಟು ಕ್ಯಾಮೆರಾ ಬೇಕಾಯ್ತೋ!"

ಮುಲಾಮಿನ ಘಾಟಿಗೆ ಕಣ್ಣಲ್ಲಿ ನೀರು ತುಂಬಿಕೊಂಡೇ ನಕ್ಕೆ. ಇಪ್ಪತ್ತೈದು ವರ್ಷಗಳ ಹಿಂದೆ ಭದ್ರಾವತಿಯಲ್ಲಿ ನನಗೆ ಇದನ್ನೇ ಹೇಳಿಕೊಟ್ಟವರ ಬಳಿ ಕ್ಯಾಮೆರಾ ಇರಲಿಲ್ಲ. ಹುಲ್ಲು ಕತ್ತರಿಸುವ ಯಂತ್ರವಿತ್ತು.

ಆರ್ಮುಗಂ ಮಾಮ ನಮ್ಮ ಪಕ್ಕದ ಕ್ವಾರ್ಟರ್ಸಿನವರು. ಕಾರ್ಖಾನೆಯ ಆಫೀಸರುಗಳು ಆಡುತ್ತಿದ್ದ ಪುಟ್ಟ ಗಾಲ್ಫ್ ಮೈದಾನದ ಹುಲ್ಲು ನೋಡಿಕೊಳ್ಳುವುದು ಅವರ ಕೆಲಸ. ನಾನಾಗ ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಎಂ.ಎ. ಓದುತ್ತಿದ್ದೆ. ಓದುತ್ತಿದ್ದದ್ದು ಕನ್ನಡ, ತಲೆಯಲ್ಲಿದ್ದದ್ದು ಬೇಸ್‌ಬಾಲ್. ಅದೇನು ಆಟ ಎಂದು ಕೇಳಿದವರಿಗೆಲ್ಲ ಲಗೋರಿಗೂ ಕ್ರಿಕೆಟ್ಟಿಗೂ ಹುಟ್ಟಿದ್ದು ಎನ್ನುತ್ತಿದ್ದೆ. ಯಾರೂ ಮತ್ತೆ ಕೇಳುತ್ತಿರಲಿಲ್ಲ. ಯೂನಿವರ್ಸಿಟಿ ತಂಡದಲ್ಲಿ ನಾನು ಪಿಚರ್, ಅಂದರೆ ಬ್ಯಾಟು ಹಿಡಿದವಳತ್ತ ಚೆಂಡು ಎಸೆಯುವವಳು. ಗುರಿ ಇತ್ತು, ವೇಗ ಇರಲಿಲ್ಲ. "ಹದಿನೈದು ದಿನ ಟೈಮ್ ಕೊಡ್ತೀನಿ. ಸ್ಪೀಡ್ ಬರ್ಲಿಲ್ಲ ಅಂದ್ರೆ ಬೇರೆಯವ್ರನ್ನ ಹಾಕ್ತೀನಿ" ಎಂದು ಕೋಚ್ ಹೇಳಿಬಿಟ್ಟರು.

ವೇಗ ತೋಳಿನಲ್ಲಿರುತ್ತದೆಂದು ನಂಬಿದ್ದೆ. ತುಂಬಿದ ಬಿಂದಿಗೆಗಳನ್ನು ಎತ್ತಿ ಇಳಿಸಿದೆ. ಮಗಳು ಕೊನೆಗೂ ಮನೆಗೆಲಸಕ್ಕೆ ಕೈ ಹಾಕಿದಳೆಂದು ಅಮ್ಮ ಸಂತೋಷಪಟ್ಟರು. ಸಂಜೆ ಬಸ್ಸಿಳಿದು ಕ್ವಾರ್ಟರ್ಸಿನ ಹಿಂದಿನ ಗೋಡೆಗೆ ಎಸೆದೇ ಎಸೆದೆ. ಬಂದದ್ದು ಭುಜದ ನೋವು ಮಾತ್ರ.

ಅಂಥ ಒಂದು ಸಂಜೆ ಮಾಮ ಸೈಕಲ್ ನಿಲ್ಲಿಸಿ ಹತ್ತಿರ ಬಂದರು. ನಾನು ಎಸೆದು ತೋರಿಸಿದೆ. ಅವರು ನನ್ನನ್ನು ನೋಡಲಿಲ್ಲ, ಚೆಂಡನ್ನೂ ನೋಡಲಿಲ್ಲ. ಕುಕ್ಕರುಗಾಲಲ್ಲಿ ಕೂತು ನಾನು ಕಾಲಿಟ್ಟಿದ್ದ ಮಣ್ಣನ್ನು ನೋಡಿದರು.

"ಕಣ್ಣು, ಈ ಎಡಗಾಲು ಯಾಕೆ ಅಡ್ಡ ಬಿದ್ದಿದೆ?" ಕಣ್ಣು ಎಂಬುದು ಅವರ ತಮಿಳಿನ ಮುದ್ದಿನ ಮಾತು.

"ಅದು ಹಂಗೇ ಬೀಳುತ್ತೆ ಮಾಮ."

"ಸೊಂಟಕ್ಕೆ ಬೀಗ ಹಾಕ್ಬಿಟ್ಟು ಕೈಗೆ ಓಡು ಅಂದ್ರೆ ಅದು ಎಲ್ಲಿಗೆ ಓಡುತ್ತೆ? ನಮ್ಮ ಮೈದಾನದಲ್ಲಿ ಸಾಹೇಬ್ರು ಆಡಿ ಹೋದ್ಮೇಲೆ ನೋಡ್ತೀನಿ. ದೂರ ಹೊಡೆಯೋರ ಎಡಗಾಲು ಗಟ್ಟಿಯಾಗಿ ಊರಿರುತ್ತೆ. ಬಲಗಾಲು ತುದೀಲಿ ತಿರುಗಿ, ಅಲ್ಲಿ ಹುಲ್ಲು ಸುರುಳಿ ಸುತ್ತಿರುತ್ತೆ. ಬರೀ ಕೈಲಿ ಹೊಡೆಯೋರದು ಎರಡೂ ಕಾಲು ಒಂದೇ ಥರ. ಬಸ್‌ಸ್ಟಾಂಡಲ್ಲಿ ನಿಂತಂಗೆ."

ಎಂ.ಎ. ಓದುವವಳು ಅಷ್ಟಕ್ಕೇ ಒಪ್ಪುವುದುಂಟೆ? "ಅವ್ರು ನಿಂತಲ್ಲೇ ತಿರುಗ್ತಾರೆ ಮಾಮ. ನಾನು ಮುಂದಕ್ಕೆ ಹೆಜ್ಜೆ ಹಾಕ್ಬೇಕು. ಎರಡೂ ಹೆಂಗೆ ಒಂದಾಗುತ್ತೆ?"

ಮಾಮ ಮತ್ತೊಮ್ಮೆ ನನ್ನ ಹೆಜ್ಜೆಗುರುತು ನೋಡಿದರು. ಸೈಕಲ್ ತಳ್ಳಿಕೊಂಡು ಹೊರಟುಹೋದರು. ಮರುದಿನ ಸಂಜೆ ನನಗಿಂತ ಮೊದಲೇ ಗೋಡೆಯ ಬಳಿ ಕಾಯುತ್ತಿದ್ದರು.

"ನೀನು ಹೇಳಿದ್ದು ಸರಿ. ನೀನು ನಡೀಬೇಕು, ಅವ್ರು ನಡೆಯಲ್ಲ. ಆದ್ರೆ ನಡೆದ ಮೇಲೆ ನೀನೂ ಎಡಗಾಲು ಊರಿ ನಿಲ್ತೀಯಲ್ಲ? ಅಲ್ಲಿಂದ ಮುಂದೆ ಇಬ್ರದೂ ಒಂದೇ ಕೆಲ್ಸ."

ಜೇಬಿನಿಂದ ಸುಣ್ಣದ ಪುಡಿ ತೆಗೆದು ನೆಲದ ಮೇಲೆ ಗೋಡೆಯತ್ತ ಮುಖ ಮಾಡಿದ ಒಂದು ಪಾದ ಬರೆದರು. ಎಡಗಾಲು ಅದರ ಮೇಲೇ ಬೀಳಬೇಕು. ಆಮೇಲೆ ಸೊಂಟ, ಆಮೇಲೆ ಎದೆ, ಕೈ ಎಲ್ಲಕ್ಕಿಂತ ಹಿಂದೆ. ಮೊದಲೆರಡು ದಿನ ಚೆಂಡು ಗೋಡೆ ದಾಟಿ ಯಾರೋ ಒಣಹಾಕಿದ್ದ ಸಂಡಿಗೆಯ ಮೇಲೆ ಬಿತ್ತು. ಬೈಗುಳ ತಿಂದವರು ಮಾಮ. ಐದನೆಯ ದಿನ ಗೋಡೆಯ ಸದ್ದೇ ಬದಲಾಯಿತು. ತೋಳಿಗೆ ಮಾತ್ರ ಏನೂ ಮಾಡಿದ ಹಾಗೆಯೇ ಅನಿಸಲಿಲ್ಲ.

ಆಯ್ಕೆಯ ದಿನ ನನ್ನ ಎರಡನೆಯ ಎಸೆತಕ್ಕೇ ಕ್ಯಾಚರ್ ಗೆಳತಿ ಗ್ಲೌಸು ಬಿಚ್ಚಿ ಅಂಗೈ ಕೊಡವಿಕೊಂಡಳು. "ಏನ್ ತಿಂದ್ಕೊಂಡ್ ಬಂದೆ ಮಾರಾಯ್ತಿ?" ಜಾಗ ಉಳಿಯಿತು. ಪಂದ್ಯಾವಳಿಯಲ್ಲಿ ಎರಡನೆಯ ಆಟಕ್ಕೇ ಸೋತೆವು, ಅದು ಬೇರೆ ಮಾತು.

ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದೇನೆ, ಪ್ರತಿ ಸಲವೂ ನನ್ನ ಗೆಲುವಿನ ಕಥೆಯಾಗಿ. ಡಾಕ್ಟರ ಬಳಿ ಹೇಳುವಾಗ ಅವರು ಕೇಳಿದರು: "ನಿಮ್ಮ ಮಾಮನೂ ಗಾಲ್ಫ್ ಚೆನ್ನಾಗಿ ಆಡ್ತಿದ್ರಾ?" ತಬ್ಬಿಬ್ಬಾದೆ. ಮಾಮ ಕೋಲು ಹಿಡಿದದ್ದನ್ನು ನಾನು ನೋಡಿಯೇ ಇರಲಿಲ್ಲ. ಅಷ್ಟು ವರ್ಷ ಅಲ್ಲೇ ಇದ್ದವರಿಗೆ ಒಮ್ಮೆಯಾದರೂ ಆಸೆಯಾಗಲಿಲ್ಲವೇ? ಯಾರಾದರೂ ಬೇಡವೆಂದಿದ್ದರೇ? ಕೇಳಬೇಕೆಂದು ನನಗೆ ಹೊಳೆದೂ ಇರಲಿಲ್ಲ.

ಮಾಮ ಈಗ ಹೊಳೆಹೊನ್ನೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಭಾನುವಾರ ಬಸ್ಸು ಹತ್ತಿದೆ. ಮನೆಯ ಮುಂದೆ ಚಾಪೆಯಗಲದ ಹುಲ್ಲು, ಅದರ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಮಾಮ. ಗುರುತು ಹಿಡಿದರು. ಕಾಫಿ ಬರುವ ಮೊದಲೇ ಕೇಳಿಬಿಟ್ಟೆ.

"ಯಾರೂ ಬೇಡ ಅಂದಿಲ್ಲ ಕಣ್ಣು. ಒಬ್ಬ ಸಾಹೇಬ್ರು ಕೋಲು ಕೈಗೇ ಕೊಟ್ಟಿದ್ರು, ಹೊಡಿ ಅಂತ. ನಾನೇ ವಾಪಸ್ ಕೊಟ್ಟೆ."

"ಯಾಕೆ ಮಾಮ?"

ಇದೂ ಒಂದು ಪ್ರಶ್ನೆಯೇ ಎಂಬಂತೆ ನೋಡಿದರು. "ಹೊಡೆದ್ರೆ ಹುಲ್ಲು ಕಿತ್ತು ಬರುತ್ತಲ್ಲ!"

ನಾನು ನಿಂತಿದ್ದದ್ದು ಎಲ್ಲೆಂದು ಆಗ ಕಂಡಿತು. ಮೆಲ್ಲಗೆ ಒಂದು ಕಾಲನ್ನು, ಆಮೇಲೆ ಇನ್ನೊಂದನ್ನು ಎತ್ತಿ ಪಕ್ಕದ ಕಲ್ಲುಚಪ್ಪಡಿಯ ಮೇಲಿಟ್ಟೆ. ಮಾಮ ಬೊಚ್ಚುಬಾಯಿ ತೆರೆದು ನಕ್ಕರು.

"ನಿಂತ್ಕೊಮ್ಮಾ, ಪರವಾಗಿಲ್ಲ. ಎಸೆಯೋಕೆ ಹೋಗ್ಬೇಡ, ಅಷ್ಟೆ."